ಕಾಡಿನ ಕತ್ತಲೆಯಿಂದ ಎದ್ದುಬಂದ ರಾಗ

ನ್ಯೂಯಾರ್ಕಿನ ಒಂದು ಕೋಣೆ. ಫೆಂಡರ್ ರೋಡ್ಸ್ ಕೀಬೋರ್ಡಿನ ಮುಂದೆ ಸಂಗೀತ ನಿರ್ದೇಶಕ ಏಂಜೆಲೊ ಬದಲಮೆಂಟಿ, ಅವರಿಗೆ ಅಂಟಿಕೊಂಡಂತೆ ಪಕ್ಕದಲ್ಲಿ ನಿರ್ದೇಶಕ ಡೇವಿಡ್ ಲಿಂಚ್. ‘ಟ್ವಿನ್ ಪೀಕ್ಸ್’ ಧಾರಾವಾಹಿಯ ಚಿತ್ರೀಕರಣ ಇನ್ನೂ ಶುರುವಾಗಿರಲಿಲ್ಲ. ತೋರಿಸಲು ದೃಶ್ಯವಿಲ್ಲ, ಹಾಗಾಗಿ ಲಿಂಚ್ ಬಾಯಲ್ಲೇ ಹೇಳತೊಡಗಿದರು. ಕತ್ತಲು ಕವಿದ ಕಾಡು, ಮರಗಳ ನಡುವೆ ಮೆಲ್ಲನೆ ಸುಳಿಯುವ ಗಾಳಿ, ಮೇಲೆ ಚಂದ್ರ, ಎಲ್ಲೋ ಒಂದು ಗೂಬೆಯ ಕೂಗು. ಬದಲಮೆಂಟಿಯವರ ಬೆರಳು ಮಂದ್ರದಲ್ಲಿ ತಡಕಾಡಿ ಒಂದು ಸ್ವರಗುಚ್ಛ ಹಿಡಿಯಿತು. ಇದೇ, ಆದರೆ ಇನ್ನೂ ನಿಧಾನವಾಗಿ ಎಂದರು ಲಿಂಚ್. ಈಗ ಮರಗಳ ಹಿಂದಿನಿಂದ ಒಬ್ಬ ಹುಡುಗಿ ಬರುತ್ತಾಳೆ, ಚೆಲುವೆ, ಒಳಗೊಳಗೇ ನೊಂದವಳು, ಹತ್ತಿರ ಬರುತ್ತಿದ್ದಾಳೆ. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವು, ತುದಿಯಲ್ಲಿ ಎದೆ ಬಿರಿಯುವಂತೆ ನಿಂತವು, ಮತ್ತೆ ನಿಧಾನವಾಗಿ ಕಾಡಿಗೇ ಇಳಿದವು. ಲಿಂಚ್ ಎದ್ದು ಅವರನ್ನು ಅಪ್ಪಿಕೊಂಡು, ಒಂದು ಸ್ವರವನ್ನೂ ಬದಲಿಸಬೇಡ ಎಂದರಂತೆ. ಕೂತ ಕೂತಲ್ಲೇ ಹುಟ್ಟಿದ ಆ ರಾಗದ ಹೆಸರು ‘ಲಾರಾ ಪಾಮರ್ಸ್ ಥೀಮ್’. ಈ ಪ್ರಸಂಗವನ್ನು ಬದಲಮೆಂಟಿ ಕ್ಯಾಮೆರಾ ಮುಂದೆ ಕೀಬೋರ್ಡ್ ನುಡಿಸುತ್ತಲೇ ಹೇಳಿಕೊಂಡಿದ್ದಾರೆ. ಕಾಡಿನ ಭಾಗಕ್ಕೆ ಬಂದಾಗ ಅವರ ದನಿಯೂ ಇಳಿಯುತ್ತದೆ.

ಇಬ್ಬರೂ ಮೊದಲು ಕೂಡಿದ್ದು ‘ಬ್ಲೂ ವೆಲ್ವೆಟ್’ (1986) ಚಿತ್ರಕ್ಕೆ. ನಟಿ ಇಸಾಬೆಲ್ಲಾ ರೊಸೆಲಿನಿಗೆ ಹಾಡು ಹೇಳಿಕೊಡಲು ಬಂದ ಬದಲಮೆಂಟಿ, ಆ ಚಿತ್ರದ ಸಂಗೀತವನ್ನೂ ಮಾಡಿಕೊಟ್ಟು ಹೋದರು. ಆಮೇಲೆ ಜೂಲಿ ಕ್ರೂಸ್ ಹಾಡಿದ ‘ಫಾಲಿಂಗ್’ ಬಂತು. ಅದರ ವಾದ್ಯರೂಪವೇ ‘ಟ್ವಿನ್ ಪೀಕ್ಸ್’ನ ಶೀರ್ಷಿಕೆ ಸಂಗೀತವಾಗಿ, ಗ್ರ್ಯಾಮಿ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಆದರೆ ನನ್ನ ಮಟ್ಟಿಗೆ ಧಾರಾವಾಹಿಯ ಜೀವ ಇರುವುದು ಲಾರಾಳ ರಾಗದಲ್ಲೇ.

1990ರ ಏಪ್ರಿಲ್ 8ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಮೊದಲ ಕಂತು ಬಂತು. ಮರ ಕೊಯ್ಯುವ ಊರೊಂದರಲ್ಲಿ ಲಾರಾ ಪಾಮರ್ ಎಂಬ ಹುಡುಗಿಯ ಹೆಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಥಿತಿಯಲ್ಲಿ ನೀರಿನ ದಡಕ್ಕೆ ಬಂದು ಬೀಳುತ್ತದೆ. ಕಥೆ ಶುರುವಾಗುವ ಹೊತ್ತಿಗೇ ಅವಳು ಇಲ್ಲ. ಇಲ್ಲದವಳನ್ನು ಕಂತಿನಿಂದ ಕಂತಿಗೆ ಇರುವಂತೆ ಮಾಡಬೇಕಾದ ಹೊಣೆ ಆ ರಾಗದ್ದು. ಶಾಲೆಯ ದೃಶ್ಯ ನೋಡಿ. ಮುಖ್ಯೋಪಾಧ್ಯಾಯರು ಧ್ವನಿವರ್ಧಕದಲ್ಲಿ ಸುದ್ದಿ ಹೇಳುತ್ತಾರೆ, ಗೆಳತಿ ಡಾನಾಳ ಕಣ್ಣು ಆಗಲೇ ಖಾಲಿ ಕುರ್ಚಿಯತ್ತ ಹೋಗಿರುತ್ತದೆ, ಕ್ಯಾಮೆರಾ ಕೊನೆಗೆ ಗಾಜಿನ ಕಪಾಟಿನಲ್ಲಿ ನಗುವ ಲಾರಾಳ ಫೋಟೊ ಮೇಲೆ ನಿಲ್ಲುತ್ತದೆ. ರಾಗ ಮೇಲೇರುವುದೂ ಆ ನಗುವಿನ ಮೇಲೆಯೇ.

ಸಂಗೀತ ಬಲ್ಲವರಿಗೆ ಇಲ್ಲೊಂದು ಸೂಕ್ಷ್ಮ ಸಿಗುತ್ತದೆ. ಕಾಡಿನ ಭಾಗ ಮೈನರ್, ಹುಡುಗಿಯ ಭಾಗ ಮೇಜರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಅದೇ, ಸಾಧಾರಣ ಗಾಂಧಾರ ಇದ್ದಲ್ಲಿ ಅಂತರ ಗಾಂಧಾರ ಬಂದು ಕೂರುತ್ತದೆ. ನೆಲ ಬದಲಾಗದೆ ಬೆಳಕು ಮಾತ್ರ ಬದಲಾಗುತ್ತದೆ. ಹಾಗಾಗಿಯೇ ಸಾವಿನ ಸುದ್ದಿಗೆ ಬಳಸಿದ ಇದೇ ರಾಗವನ್ನು ಡಾನಾ ಮತ್ತು ಲಾರಾಳನ್ನು ಗುಟ್ಟಾಗಿ ಪ್ರೀತಿಸಿದ್ದ ಜೇಮ್ಸ್ ಪ್ರೀತಿಯಲ್ಲಿ ಹತ್ತಿರವಾಗುವಾಗಲೂ ಬಳಸಲು ಸಾಧ್ಯವಾಯಿತು. ಕೆಲವರು ಇದನ್ನು ಅತಿ ಭಾವುಕತೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಆ ಇಬ್ಬರನ್ನು ಒಂದುಗೂಡಿಸಿದ್ದೇ ಲಾರಾಳ ಸಾವು, ಅವರು ಮುಟ್ಟಿಕೊಳ್ಳುವಾಗಲೂ ಅವಳು ನಡುವೆ ಇದ್ದಾಳೆ. ಪಾತ್ರಗಳು ಬಾಯಿಬಿಟ್ಟು ಹೇಳದ ಈ ಮಾತನ್ನು ಸಂಗೀತ ಹೇಳುತ್ತದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಪರದೆಯ ಹಿಂದೆ ಚೆಂಡೆ ಗುಡುಗಿ, ಆರ್ಭಟ ಕೇಳಿದರೆ ಸಾಕು, ಬಣ್ಣದ ವೇಷ ಬರುತ್ತಿದೆ ಎಂದು ಮುಂದಿನ ಸಾಲಿನ ಮಕ್ಕಳು ಅಪ್ಪನ ತೊಡೆ ಏರುತ್ತಾರೆ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟ, ಪದಗಳೇ ಇಲ್ಲದ ಆ ತಾನವೂ ಅಷ್ಟೆ. ಕೇಳಿದ ತಕ್ಷಣ ಆಗುಂಬೆಯ ಬೀದಿ ಕಣ್ಣ ಮುಂದೆ ಬರುತ್ತದೆ. ಇಂಥ ಪರಂಪರೆ ಇದ್ದೂ ಇವತ್ತಿನ ದೈನಿಕ ಧಾರಾವಾಹಿಗಳಲ್ಲಿ ಅತ್ತೆ ಬಾಗಿಲು ತೆರೆದರೂ, ಆಸ್ಪತ್ರೆಯಿಂದ ಫೋನ್ ಬಂದರೂ ಅದೇ ಒಂದು ‘ಧಡ್’ ಸದ್ದು, ಅದೇ ಮುಖ ಮೂರು ಸಲ. ಎಲ್ಲದಕ್ಕೂ ಸಲ್ಲುವ ಸದ್ದಿಗೆ ತನ್ನದೆನ್ನುವ ಅರ್ಥ ಉಳಿಯುವುದಾದರೂ ಹೇಗೆ? ಇದನ್ನು ಕೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಟ್ವಿನ್ ಪೀಕ್ಸ್‌ನಲ್ಲೂ ಹೆಚ್ಚು ರಾಗಗಳಿರಲಿಲ್ಲ. ಇದ್ದ ಕೆಲವನ್ನೇ ಬಿಡಿಬಿಡಿಯಾಗಿಸಿ, ಒಮ್ಮೆ ಮಂದ್ರದ ಎಳೆ ಮಾತ್ರ, ಒಮ್ಮೆ ಪಿಯಾನೊ ಮಾತ್ರ, ಒಮ್ಮೆ ವೇಗ ತಗ್ಗಿಸಿ ಬಳಸಿದರು. ಹೀಗೆ ಒಟ್ಟುಮಾಡಿಟ್ಟ ತುಣುಕುಗಳನ್ನು ಲಿಂಚ್ ಸೌದೆ ಎನ್ನುತ್ತಿದ್ದರು. 2011ರಿಂದ ಅವರು ಈ ಭಂಡಾರವನ್ನು ಬಿಡುಗಡೆ ಮಾಡಿದಾಗ ಇನ್ನೂರಕ್ಕೂ ಹೆಚ್ಚು ತುಣುಕುಗಳು ಹೊರಬಂದವು. ಕಾಡಿನ ಎಳೆಯೊಂದೇ ಕೇಳಿಸಿ ಮೇಲೇರುವ ಭಾಗ ಬಾರದೆ ಹೋದರೆ ನೋಡುವವರಿಗೆ ಏನೋ ಬಾಕಿ ಉಳಿದಂತೆ ಕಳವಳ. ಹೋಟೆಲ್ ಮಾಲೀಕನ ಮಗಳು ಆಡ್ರಿಯ ಜಾಝ್‌ನಲ್ಲಿ ಇನ್ನೊಂದು ಬಗೆಯ ಆಟವಿದೆ. ಅವಳು ತೂಗಾಡುತ್ತ ಕುಣಿಯುವಾಗ ಹಿನ್ನೆಲೆ ಸಂಗೀತ ಎಂದುಕೊಂಡದ್ದು, ಅತಿಥಿಗಳಿಗೆ ತೊಂದರೆ ಎಂದು ಅಪ್ಪ ಬಂದು ಗದರಿದಾಗ ಅವಳೇ ಹಾಕಿಕೊಂಡ ಹಾಡು ಎಂದು ತಿಳಿಯುತ್ತದೆ. ಆ ಊರಿನವರಿಗೂ ಈ ಸಂಗೀತ ಕೇಳಿಸುತ್ತಿದೆ!

ಎರಡನೆಯ ಸರಣಿಯ ನಡುವೆಯೇ ಕೊಲೆಗಾರ ಯಾರೆಂದು ಬಯಲಾಗಿ, ಕಥೆ ಸಡಿಲವಾಗಿ, 1991ರ ಜೂನ್‌ನಲ್ಲಿ ಧಾರಾವಾಹಿ ನಿಂತಿತು. ಆ ಕಂತುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

2017ರಲ್ಲಿ ಲಿಂಚ್ ಹದಿನೆಂಟು ಕಂತುಗಳೊಂದಿಗೆ ಅದೇ ಊರಿಗೆ ಮರಳಿದರು. ವೀಕ್ಷಕರು ‘ಇಂಟ್ರೊ’ವನ್ನು ದಾಟಿ ಹೋಗಲಿ ಎಂದು ನೆಟ್‌ಫ್ಲಿಕ್ಸ್ ಗುಂಡಿ ಕೊಟ್ಟದ್ದೂ ಅದೇ ವರ್ಷ. ಲಿಂಚ್ ಮಾತ್ರ ಶೀರ್ಷಿಕೆ ಸಂಗೀತವನ್ನು ಅವಸರವಿಲ್ಲದೆ ಹರಿಯಬಿಟ್ಟರು, ಉಳಿದಂತೆ ಮೌನ ಮತ್ತು ಗಾಳಿಯ ಸದ್ದು. ಮೊದಲ ಮೂರು ಕಂತುಗಳಲ್ಲಿ ಲಾರಾಳ ರಾಗವನ್ನು ಮುಟ್ಟಲೇ ಇಲ್ಲ. ನಾಲ್ಕನೆಯ ಕಂತಿನಲ್ಲಿ ಬಾಬಿ ಬ್ರಿಗ್ಸ್ ಬರುತ್ತಾನೆ. ಒಂದು ಕಾಲಕ್ಕೆ ಲಾರಾಳ ಗೆಳೆಯ, ಮಾದಕವಸ್ತುಗಳ ವಹಿವಾಟಿನಲ್ಲಿದ್ದ ಪುಂಡ. ಈಗ ಕೂದಲು ನರೆತ ಪೊಲೀಸ್. ಠಾಣೆಯ ಕೋಣೆಗೆ ಕಾಲಿಟ್ಟವನಿಗೆ ಮೇಜಿನ ಮೇಲೆ, ಹಳೆಯ ಸಾಕ್ಷ್ಯಗಳ ನಡುವೆ, ಶಾಲೆಯ ಕಪಾಟಿನಲ್ಲಿದ್ದ ಅದೇ ಫೋಟೊ ಕಾಣುತ್ತದೆ. ಎರಡೂವರೆ ದಶಕದ ಬಳಿಕ ಆ ಸ್ವರಗಳು ಮೊದಲ ಬಾರಿ ಏಳುವುದು ಆಗ. ಬಾಬಿಯ ತುಟಿ ನಡುಗಿ, ಮುಖ ಕಿವುಚಿಕೊಂಡು, ಅವನು ಬಿಕ್ಕುತ್ತಾನೆ. ಉಳಿದ ಪೊಲೀಸರು ಸುಮ್ಮನೆ ನಿಂತಿರುತ್ತಾರೆ. ಬದಲಮೆಂಟಿ 2022ರಲ್ಲಿ, ಲಿಂಚ್ 2025ರಲ್ಲಿ ತೀರಿಕೊಂಡರು. ಇಬ್ಬರೂ ಸೇರಿ ಮಾಡಿದ ಕೆಲಸದಲ್ಲಿ ಮೊದಲು ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ದೃಶ್ಯವನ್ನಲ್ಲ. 1990ರ ಮೊದಲ ಕಂತಿನಿಂದ ಶುರುಮಾಡಿ, ಶೀರ್ಷಿಕೆಯನ್ನೂ ಬಿಡದೆ ಕೇಳುತ್ತ ಇಲ್ಲಿಗೆ ಬನ್ನಿ ಎನ್ನುತ್ತೇನೆ.