ಗೃಹದಲ್ಲಿ ರೌಟರ್ ಸ್ಥಾಪನೆ

ವೈಟ್‌ಫೀಲ್ಡಿನಲ್ಲಿ ಸಿಂಗಾಪುರದ ಸಂಸ್ಥೆಗಳೂ ಟಾಟಾ ಸಂಸ್ಥೆಯೂ ಕರ್ನಾಟಕ ಸರ್ಕಾರವೂ ಕೂಡಿ 1994ರಲ್ಲಿ ತಂತ್ರಜ್ಞಾನದ ಉದ್ಯಾನವೊಂದನ್ನು ಕೈಗೊಂಡ ಬಳಿಕ ಮಹದೇವಪುರದ ಸೀಮೆಯ ಸ್ವರೂಪವೇ ಮಾರ್ಪಟ್ಟಿತು. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗಲಂತೂ ಕಚೇರಿಯೂ ಪಾಠಶಾಲೆಯೂ ಮನೆಯೊಳಕ್ಕೇ ಬಂದವು. ಅಂದಿನಿಂದ ಇಂಟರ್ನೆಟ್ಟಿನ ರೌಟರ್ ಎಂಬ ಚಿಕ್ಕ ಪೆಟ್ಟಿಗೆಯು ನಲ್ಲಿಯಂತೆ, ವಿದ್ಯುದ್ದೀಪದಂತೆ ಇಲ್ಲಿಯ ಗೃಹಕೃತ್ಯಕ್ಕೆ ಅವಶ್ಯವಾಗಿದೆ. ಆದರೂ ಅನೇಕರು ಅದನ್ನು ಜೋಡಿಸಲು ಬಂದ ಕೆಲಸಗಾರನಿಗೇ ಎಲ್ಲವನ್ನೂ ಒಪ್ಪಿಸಿ ಸುಮ್ಮನಾಗುವರು. ಇದು ಹೊಸ ಮನೆಯ ಬೀಗದ ಕೈಯನ್ನು ಬಡಗಿಯ ಬಳಿಯಲ್ಲಿಯೇ ಬಿಟ್ಟಂತೆ ಸರಿ.

ಈ ಯಂತ್ರದ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಬೀದಿಯಿಂದ ಬರುವ ಫೈಬರ್ ಕೇಬಲ್ಲಿನೊಳಗೆ ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆಯಿದ್ದು, ಅದರಲ್ಲಿ ಸುದ್ದಿಯು ಬೆಳಕಿನ ಮಿಣುಕುಗಳಾಗಿ ಹರಿದುಬರುತ್ತದೆ. ಮನೆಯ ಪೆಟ್ಟಿಗೆಯು ಆ ಬೆಳಕನ್ನು ವಿದ್ಯುತ್ಸಂಕೇತವನ್ನಾಗಿ ಮಾರ್ಪಡಿಸಿ, ಅಂಚೆಯವನು ಕಾಗದಗಳನ್ನು ಬಟವಾಡೆ ಮಾಡುವಂತೆ, ಫೋನು, ಕಂಪ್ಯೂಟರು ಮೊದಲಾದವುಗಳಿಗೆ ಅವುಗಳ ವಿಳಾಸವರಿತು ಹಂಚುತ್ತದೆ. ಗಾಜಿನ ಎಳೆಯನ್ನು ಬಲವಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುವುದು. ಆಗ ಪೆಟ್ಟಿಗೆಯ ಮೇಲಿನ ‘ಎಲ್.ಓ.ಎಸ್.’ ಎಂಬ ದೀಪವು ಕೆಂಪಗಾಗುವುದು.

ಎರಡನೆಯದಾಗಿ, ಸ್ಥಳದ ವಿಚಾರ. ರೌಟರನ್ನು ಬಾಗಿಲ ಮೂಲೆಯಲ್ಲಾಗಲಿ ಕಬ್ಬಿಣದ ಬೀರುವಿನೊಳಗಾಗಲಿ ಅಡಗಿಸದೆ, ಮನೆಯ ನಡುವೆ ಎತ್ತರವಾದ ಹಲಗೆಯ ಮೇಲೆ ಇಡತಕ್ಕದ್ದು. ಅದರ ಅಲೆಗಳು ಸಾಮಾನ್ಯವಾಗಿ ಎರಡು ವಿಧ. 2.4 ಗಿಗಾಹರ್ಟ್ಸಿನ ಅಲೆಯು ಗೋಡೆಗಳನ್ನು ದಾಟಿ ದೂರ ಹೋಗಬಲ್ಲದು, ಆದರೆ ನಿಧಾನ. 5 ಗಿಗಾಹರ್ಟ್ಸಿನದು ವೇಗವುಳ್ಳದ್ದಾದರೂ ಕಾಂಕ್ರೀಟು ಗೋಡೆಗೆ ಬೇಗ ಸೋಲುತ್ತದೆ. ಮೈಕ್ರೋವೇವ್ ಒಲೆಯು ಮೊದಲನೆಯದಕ್ಕೆ ಅಡ್ಡಿಮಾಡುವುದರಿಂದ ಅಡಿಗೆಮನೆಯ ನೆರೆಯೂ ತಕ್ಕುದಲ್ಲ.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ರೌಟರಿಗೆ ಎರಡು ಗುಪ್ತಪದಗಳುಂಟು. ಒಂದು, ವೈಫೈಯನ್ನು ಬಳಸುವುದಕ್ಕೆ. ಇದನ್ನು ನಾವು ಬಂಧುಗಳಿಗೂ ಕೊಡುತ್ತೇವೆ. ಇನ್ನೊಂದು, ಯಂತ್ರದ ಆಡಳಿತಕ್ಕೆ. ಇದನ್ನು ಬಲ್ಲವನು ಮನೆಯ ಜಾಲವನ್ನೆಲ್ಲ ತನ್ನ ಇಚ್ಛೆಯಂತೆ ತಿರುಗಿಸಬಲ್ಲನು. ಅನೇಕ ಯಂತ್ರಗಳಲ್ಲಿ ಇದು ಕಾರ್ಖಾನೆಯಿಂದಲೇ ‘ಅಡ್ಮಿನ್’ ಎಂಬಂಥ ಸರ್ವವಿದಿತ ಪದವಾಗಿ ಬರುತ್ತಿತ್ತು. ಈಗಲೂ ಹಲವು ಪೆಟ್ಟಿಗೆಗಳ ಕೆಳಗಿನ ಚೀಟಿಯಲ್ಲಿ ಅದು ಅಚ್ಚಾಗಿರುತ್ತದೆ.

ಇದರ ಅಪಾಯವು ಕಲ್ಪಿತವಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಅರವತ್ತಕ್ಕೂ ಹೆಚ್ಚು ಸಿದ್ಧಪದಗಳನ್ನು ಒಂದೊಂದಾಗಿ ಪ್ರಯೋಗಿಸಿ, ಲಕ್ಷಾಂತರ ಕ್ಯಾಮೆರಾಗಳನ್ನೂ ರೌಟರುಗಳನ್ನೂ ವಶಪಡಿಸಿಕೊಂಡಿತು. ಅವುಗಳ ಮೂಲಕ ಆ ವರ್ಷದ ಅಕ್ಟೋಬರ್ 21ರಂದು ನಡೆದ ದಾಳಿಯಿಂದ ಅಮೆರಿಕದ ಅನೇಕ ಪ್ರಸಿದ್ಧ ಜಾಲತಾಣಗಳು ಹಲವು ಗಂಟೆಗಳ ಕಾಲ ದೊರೆಯದಾದವು. ತಮ್ಮ ಮನೆಯ ಪೆಟ್ಟಿಗೆಯೂ ಆ ಸೈನ್ಯದಲ್ಲಿದ್ದಿತೆಂಬುದು ಒಡೆಯರಿಗೆ ತಿಳಿದಿರಲೂ ಇಲ್ಲ.

ಆದುದರಿಂದ ಕೆಲಸಗಾರನು ಹೊರಡುವ ಮುನ್ನವೇ ಆಡಳಿತದ ಪುಟವನ್ನು ತೆರೆಯುವ ಕ್ರಮವನ್ನು ಅವನಿಂದ ಕೇಳಿ ತಿಳಿಯಿರಿ. ಸಾಧಾರಣವಾಗಿ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಅದು ತೆರೆಯುವುದು. ಅವನು ಹೋದ ಮೇಲೆ ಎರಡು ಗುಪ್ತಪದಗಳನ್ನೂ ಬೇರೆ ಬೇರೆಯಾಗಿ, ನಾಲ್ಕಾರು ಪದಗಳಷ್ಟು ಉದ್ದವಾಗಿ ಬದಲಿಸಿರಿ. ಮಕ್ಕಳ ಹೆಸರೂ ಜನ್ಮದಿನವೂ ಬೇಡ. ಕಾವಲಿನ ವಿಧಾನವು ‘ಡಬ್ಲ್ಯು.ಪಿ.ಎ.3’, ಇಲ್ಲವಾದರೆ ‘ಡಬ್ಲ್ಯು.ಪಿ.ಎ.2’ ಆಗಿರಲಿ. ಅತಿಥಿಗಳಿಗೆ ಪ್ರತ್ಯೇಕವಾದ ಜಾಲವಿದ್ದರೆ ಒಳ್ಳೆಯದು. ಯಂತ್ರದ ತಂತ್ರಾಂಶವು ತಾನಾಗಿ ನವೀಕರಣಗೊಳ್ಳುವ ಏರ್ಪಾಡನ್ನೂ ಮಾಡಿರಿ. ಗುಪ್ತಪದಗಳನ್ನು ಒಂದು ಪುಸ್ತಕದಲ್ಲಿ ಬರೆದು, ಒಡವೆಯ ಪೆಟ್ಟಿಗೆಯೊಡನೆ ಜೋಪಾನ ಮಾಡಿರಿ.

ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಬೇಡ. ಇಂಜಿನಿಯರಿಂಗ್ ಪದವಿಯೂ ಬೇಡ. ತಾಯಂದಿರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ಇದನ್ನು ಮಾಡಿಸಲಿ. ಬೀದಿಯ ಬಾಗಿಲಿಗೆ ಅಗುಳಿ ಹಾಕಲು ಕಲಿಸಿದವರು ಈ ಕಾಣದ ಬಾಗಿಲಿಗೂ ಅಗುಳಿ ಹಾಕುವುದನ್ನು ಕಲಿಸಬೇಕಲ್ಲವೆ?