ನಮ್ಮ ನೋವಿನ ಮಾತ್ರೆ ನಾಯಿಗೆ ಬೇಡ

ನಾಯಿ ಮನೆ ಕಾಯುತ್ತದೆ. ಕುರಿ ಕಾಯುತ್ತದೆ. ಅದಕ್ಕೂ ಏಟು ಬೀಳುತ್ತದೆ. ವಯಸ್ಸಾದರೆ ಕೀಲು ನೋಯುತ್ತದೆ. ಆಗ ಅದು ಕುಂಟುತ್ತದೆ.

“ಅಯ್ಯೋ ಪಾಪ, ನಾವು ನುಂಗೋ ಮಾತ್ರೇನೇ ಒಂದು ಹಾಕೋಣ” ಅಂತೀವಿ. ಮುದ್ದೆಯೊಳಗಿಟ್ಟು ತಿನ್ನಿಸುತ್ತೇವೆ. ಇದು ಅಪಾಯ. ಏಕೆ ಗೊತ್ತೆ?

ಏಟಾದ ಜಾಗದಲ್ಲಿ ಮೈ ಒಂದು ಬಗೆಯ ರಸ ಹುಟ್ಟಿಸುತ್ತದೆ. ಅದರಿಂದ ನೋವು, ಊತ ಬರುತ್ತದೆ. ಅದೇ ಬಗೆಯ ರಸ ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ನೆರವಾಗುತ್ತದೆ. ನೋವಿನ ಮಾತ್ರೆ ಈ ರಸವನ್ನು ತಡೆಯುತ್ತದೆ. ನೋವೇನೋ ಇಳಿಯುತ್ತದೆ. ಆದರೆ ಹೊಟ್ಟೆಗೆ ಕಾವಲು ತಪ್ಪುತ್ತದೆ. ಹುಣ್ಣಾಗಿ ರಕ್ತ ಸೋರಬಹುದು. ಕಿಡ್ನಿ ಕೆಡಬಹುದು.

ನಮಗೂ ಹೀಗಾಗುವುದುಂಟು. ನಾಯಿಗೆ ಇನ್ನೂ ಬೇಗ ಆಗುತ್ತದೆ. ನಮ್ಮ ತೂಕ 50 ಕಿಲೋ ಆದರೆ ನಾಯಿಯದು 12 ಅಥವಾ 15 ಕಿಲೋ. ಐಬುಪ್ರೊಫೆನ್ ನಾಯಿಯ ಮೈಯಿಂದ ಬೇಗ ಹೊರಗೆ ಹೋಗುವುದೂ ಇಲ್ಲ. ಡೈಕ್ಲೊಫೆನಾಕ್ ಕೂಡ ಅಪಾಯವೇ. ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಲಿವರ್ ಕೆಡುತ್ತದೆ. ಬೆಕ್ಕಿಗಂತೂ ಅದರ ಒಂದೇ ಮಾತ್ರೆ ಸಾಕು, ಪ್ರಾಣ ಹೋಗಬಹುದು.

ಹಾಗಾದರೆ ನಾಯಿ ನರಳುತ್ತಲೇ ಇರಬೇಕೆ? ಬೇಡ. ಪಶುವೈದ್ಯರ ಹತ್ತಿರ ಅದಕ್ಕೆ ಔಷಧ ಇದೆ. ನಾಯಿಯ ತೂಕ ನೋಡಿ ಅಳತೆ ಹೇಳುತ್ತಾರೆ. ಗಬ್ಬದ ನಾಯಿ, ಮುದಿ ನಾಯಿ, ಬೇರೆ ಔಷಧ ತಿನ್ನುವ ನಾಯಿ ಆದರೆ ಅವರಿಗೆ ಮೊದಲೇ ತಿಳಿಸಿ.

ಆ ಔಷಧವನ್ನೂ ಎಚ್ಚರದಿಂದ ಕೊಡಬೇಕು. ಊಟದ ಜೊತೆ ಕೊಡಿ. ಕುಡಿಯಲು ನೀರು ಸದಾ ಇರಲಿ. “ಇನ್ನೂ ಕುಂಟ್ತಾ ಇದೆ” ಅಂತ ನೀವಾಗಿಯೇ ಹೆಚ್ಚು ಹಾಕಬೇಡಿ.

ನಾಯಿಗೆ ಮಾತು ಬರೊಲ್ಲ. “ಹೊಟ್ಟೆ ಉರೀತಿದೆ” ಅಂತ ಹೇಳೊಲ್ಲ. ನಾವೇ ಗಮನಿಸಬೇಕು.

ಊಟ ಬಿಟ್ಟಿದೆಯೆ?
ವಾಂತಿ, ಭೇದಿ ಆಗುತ್ತಿದೆಯೆ?
ಮಲ ಟಾರಿನ ಹಾಗೆ ಕಪ್ಪಾಗಿದೆಯೆ?
ಸುಸ್ತಾಗಿ ಮಲಗಿದೆಯೆ?
ನೀರು ಬಹಳ ಕುಡಿಯುತ್ತಿದೆಯೆ?

ಮಲ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಇವುಗಳಲ್ಲಿ ಒಂದು ಕಂಡರೂ ಔಷಧ ನಿಲ್ಲಿಸಿ. ಕೂಡಲೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೂರವಾದರೆ 1962 ನಂಬರಿಗೆ ಫೋನ್ ಮಾಡಿ ಕೇಳಿ. ನಾಯಿ ತಿಂದ ಮಾತ್ರೆಯ ಹಾಳೆಯನ್ನು ಎಸೆಯಬೇಡಿ. ಡಾಕ್ಟರಿಗೆ ತೋರಿಸಿ.

ಅಕ್ಕಂದಿರೇ, ಈಗ ನಿಮಗೆ ಬರೆಯಲು ಬರುತ್ತದೆ. ಡಾಕ್ಟರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಔಷಧದ ಹೆಸರೇನು? ಎಷ್ಟು ಕೊಡಬೇಕು? ಎಷ್ಟು ದಿನ? ಅದನ್ನು ಗೋಡೆಗೆ ಅಂಟಿಸಿ. ಕೊಟ್ಟ ಕೂಡಲೇ ಅದರಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಬೆಳಿಗ್ಗೆ ನೀವು ಹಾಕಿದ ಮಾತ್ರೆಯನ್ನೇ ಮಧ್ಯಾಹ್ನ ಮನೆಯವರು ಇನ್ನೊಮ್ಮೆ ಹಾಕಿಯಾರು!