ದೋಣಿಯ ತೂಕ, ಘಾಟಿಯ ಏರು

ಪೂಕೋಡು ಸರೋವರಕ್ಕಾಗಲಿ ಬಾಣಾಸುರಸಾಗರಕ್ಕಾಗಲಿ ಕಲ್ಲಿಕೋಟೆಯ ಕಡೆಯಿಂದ ಟ್ರೇಲರಿನಲ್ಲಿ ದೋಣಿ ತರುವವರು ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಏರಬೇಕು. ಹೊರಡುವ ಮೊದಲೇ ತೂಕದ ಲೆಕ್ಕ ಹಾಕುವುದು ಅವಶ್ಯ. ದೋಣಿ 400 ಕಿಲೋ, ಅದರ ಎಂಜಿನ್ 100, ಇಂಧನ ಹಾಗೂ ಸಾಮಗ್ರಿ 50, ಟ್ರೇಲರು 250 ಎಂದಿಟ್ಟುಕೊಂಡರೆ ವಾಹನವು ಎಳೆಯಬೇಕಾದುದು 400 ಅಲ್ಲ, 800 ಕಿಲೋ. ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ಈ ಭಾರವು ಸುಮಾರು 80 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ; ಇಳಿಯುವಾಗ ಅಷ್ಟೇ ಬಲದಿಂದ ವಾಹನವನ್ನು ಮುಂದಕ್ಕೆ ತಳ್ಳುತ್ತದೆ. ಆದುದರಿಂದ ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಮಿತಿಗಿಂತ ಒಟ್ಟು ತೂಕವು ಸಾಕಷ್ಟು ಕಡಿಮೆಯಿರತಕ್ಕದ್ದು. ಏರುವಾಗ ಎಂಜಿನ್ನಿನ ಶಕ್ತಿಯಂತೆ ಇಳಿಯುವಾಗ ಬ್ರೇಕು ಮತ್ತು ಕೆಳಗೇರುಗಳೇ ಆಧಾರ. ಲೆಕ್ಕ ಹೊಂದದಿದ್ದಲ್ಲಿ ದೋಣಿಯನ್ನು ಲಾರಿಯಲ್ಲಿ ಸಾಗಿಸುವುದೇ ಕ್ಷೇಮ.